ತಮ್ಮನ ಕಣ್ಣಿಗೊಂದು ಜರಡಿ

ನಾನು ಬರೆದ ಸಾಫ್ಟ್‌ವೇರಿಗೆ ನಾನಿಟ್ಟ ಹೆಸರು ಉದ್ದವಾಗಿತ್ತು, ಇಂಗ್ಲಿಷಿನಲ್ಲಿತ್ತು, ಸ್ವಲ್ಪ ಜಂಭದ್ದೂ ಆಗಿತ್ತು. ಮನೆಯಲ್ಲಿ ಯಾರ ಬಾಯಿಗೂ ಅದು ಹತ್ತಲಿಲ್ಲ. 'ಫಿಲ್ಟರ್ ಅಂದ್ರೆ ಜರಡಿ ತಾನೆ? ಅದನ್ನೇ ಹೇಳು' ಎಂದರು ಅಮ್ಮ. ಅಂದಿನಿಂದ ಅದು ಜರಡಿಯೇ. 'ಅಕ್ಕ ಜರಡಿ ಹಿಡ್ಕೊಂಡು ಕೂತವ್ಳೆ' ಎಂದು ತಮ್ಮ ಬಂದವರಿಗೆಲ್ಲ ಹೇಳುತ್ತಿದ್ದ. ಬಂದವರು ನನ್ನ ಕೈಯಲ್ಲಿ ಲ್ಯಾಪ್‌ಟಾಪ್ ನೋಡಿ ತಬ್ಬಿಬ್ಬಾಗುತ್ತಿದ್ದರು.

ಜರಡಿ ಅಂಥ ದೊಡ್ಡ ವಸ್ತುವೇನಲ್ಲ. ಒಂದೇ ಒಂದು ಫೈಲು, ಅದರೊಳಗೆ ಸುಮಾರು 600 ಸಾಲು ಜಾವಾಸ್ಕ್ರಿಪ್ಟ್. ಬ್ರೌಸರಿನಲ್ಲಿ ತೆರೆದರೆ ಆಯಿತು, ಇಂಟರ್ನೆಟ್ ಬೇಡ. ಎಡಗಡೆ ನೀವು ಕೊಟ್ಟ ಫೋಟೊ, ಬಲಗಡೆ ಜರಡಿಯಿಂದ ಸೋಸಿ ಬಂದ ಫೋಟೊ, ಕೆಳಗೆ ಎಳೆದಾಡಲು ಒಂದಷ್ಟು ಸ್ಲೈಡರು, ಅಂಕಿ ತುಂಬಲು ಒಂಬತ್ತು ಖಾನೆ. ಅಷ್ಟೇ. ಫೋನಿನಲ್ಲಿ ಇದಕ್ಕಿಂತ ಚಂದದ ಆ್ಯಪ್‌ಗಳು ನೂರಾರಿವೆ ಎಂದು ನನಗೂ ಗೊತ್ತು.

ಆದರೆ ಆ ಆ್ಯಪ್‌ಗಳು ಒಳಗೆ ಏನು ಮಾಡುತ್ತವೆ ಎಂದು ಹೇಳುವುದಿಲ್ಲ. ಒಂದು ಬಟನ್ ಒತ್ತಿದರೆ ಮುಖ ನುಣುಪಾಗುತ್ತದೆ, ಇನ್ನೊಂದು ಒತ್ತಿದರೆ ಮೊನ್ನೆ ತೆಗೆದ ಫೋಟೊ ಅಜ್ಜನ ಕಾಲದ್ದಾಗುತ್ತದೆ. ಹೇಗೆ? ಬಿಸಿಎ ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುವಾಗ ನನಗೆ ಈ 'ಹೇಗೆ' ನೆನಪಾಯಿತು. ನಮ್ಮ ತರಗತಿಯಲ್ಲಿ ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಮ್ ಮೂರು, ಹಾಸ್ಟೆಲ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಎರಡು, ಆಸ್ಪತ್ರೆಯದು ಒಂದು ಆಗಲೇ ಬುಕ್ ಆಗಿದ್ದವು. ಬಿಸಿಎ ಓದಿದವರಿಗೆ ಇದು ಹೊಸ ಸಮಾಚಾರವಲ್ಲ. ಯಾವುದನ್ನೂ ಮ್ಯಾನೇಜ್ ಮಾಡದ ಒಂದು ಪ್ರಾಜೆಕ್ಟ್ ಮಾಡೋಣ ಎಂದುಕೊಂಡೆ.

ಕೆಲಸ ಶುರು ಮಾಡಿದ ಮೊದಲ ವಾರವೇ ಫೋಟೊಗಳ ಮೇಲಿದ್ದ ನನ್ನ ಭಕ್ತಿ ಹೋಯಿತು. ಕಂಪ್ಯೂಟರಿಗೆ ಫೋಟೊ ಎಂದರೆ ಅಂಕಿಗಳ ಮೂಟೆ. ಚಿತ್ರದ ಪ್ರತಿ ಚುಕ್ಕಿಗೂ, ಅಂದರೆ ಪಿಕ್ಸೆಲ್‌ಗೂ, ಮೂರು ಅಂಕಿ: ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು. ಪ್ರತಿಯೊಂದೂ 0ಯಿಂದ 255ರ ಒಳಗೆ. ಮೂರೂ 0 ಆದರೆ ಕಪ್ಪು, ಮೂರೂ 255 ಆದರೆ ಬಿಳಿ. ಈ ಮೂರರ ಬೆರಕೆಯಲ್ಲಿ 1,67,77,216 ಬಣ್ಣ ಹುಟ್ಟುತ್ತವೆ. 1957ರಲ್ಲಿ ಅಮೆರಿಕದ ರಸೆಲ್ ಕಿರ್ಶ್ ಎಂಬ ವಿಜ್ಞಾನಿ ಮೊದಲ ಬಾರಿಗೆ ಫೋಟೊವೊಂದನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಕೊಟ್ಟರು. ಅದು ಅವರ ಮೂರು ತಿಂಗಳ ಮಗನ ಫೋಟೊ, 176 ಸಾಲಿಗೆ 176 ಚುಕ್ಕಿ. ಈಗ ನಮ್ಮ ಅಗ್ಗದ ಫೋನಿನಲ್ಲೂ 1.2 ಕೋಟಿ ಚುಕ್ಕಿಯ ಫೋಟೊ ಬರುತ್ತದೆ, ಅದರಲ್ಲಿ ನಾವು ಮಧ್ಯಾಹ್ನದ ಊಟದ ತಟ್ಟೆ ತೆಗೆಯುತ್ತೇವೆ.

ಫಿಲ್ಟರ್ ಎಂಬುದು ಈ ಅಂಕಿಗಳ ಮೇಲೆ ಮಾಡುವ ಲೆಕ್ಕ. ಹಲವು ಫಿಲ್ಟರ್‌ಗಳ ಲೆಕ್ಕ ಎಷ್ಟು ಸಣ್ಣದೆಂದರೆ ಪ್ರೈಮರಿ ಶಾಲೆಯ ಹುಡುಗರೂ ಮಾಡಬಹುದು. ಒಂದು ಪಿಕ್ಸೆಲ್ ತೆಗೆದುಕೊಳ್ಳಿ. ಅದರ ಸುತ್ತ ಎಂಟು ಜನ ನೆರೆಹೊರೆಯವರು. ಒಟ್ಟು ಒಂಬತ್ತೂ ಅಂಕಿಗಳನ್ನು ಕೂಡಿಸಿ ಒಂಬತ್ತರಿಂದ ಭಾಗಿಸಿ, ಬಂದ ಸರಾಸರಿಯನ್ನು ಮಧ್ಯದಲ್ಲಿ ಬರೆಯಿರಿ. ಎಲ್ಲ ಪಿಕ್ಸೆಲ್‌ಗೂ ಹೀಗೇ ಮಾಡಿದರೆ ಚಿತ್ರ ಮಂಜಾಗುತ್ತದೆ. ಅದೇ ಬ್ಲರ್. ಪ್ರತಿಯೊಬ್ಬರೂ ಅಕ್ಕಪಕ್ಕದವರ ಹಾಗೇ ಆಗಲು ಹೊರಟರೆ ಯಾರ ಮುಖವೂ ಸ್ಪಷ್ಟ ಕಾಣುವುದಿಲ್ಲ, ಅಷ್ಟೇ ಅದರ ಗುಟ್ಟು.

ಈಗ ಮಧ್ಯದ ಖಾನೆಗೆ 5, ಮೇಲೆ ಕೆಳಗೆ ಎಡ ಬಲ ನಾಲ್ಕಕ್ಕೆ ಮೈನಸ್ 1, ಮೂಲೆಗಳಿಗೆ ಸೊನ್ನೆ ಹಾಕಿ. ಚಿತ್ರ ಚುರುಕಾಗುತ್ತದೆ, ಬಟ್ಟೆಯ ನೇಯ್ಗೆ, ಗೋಡೆಯ ಬಿರುಕು ಎದ್ದು ಬರುತ್ತವೆ. ಮಧ್ಯಕ್ಕೆ 8, ಸುತ್ತ ಎಂಟಕ್ಕೂ ಮೈನಸ್ 1 ಹಾಕಿದರೆ ಮಜಾ ಬೇರೆ: ಒಟ್ಟು ಮೊತ್ತ ಸೊನ್ನೆ, ಹಾಗಾಗಿ ಬಣ್ಣ ಒಂದೇ ಸಮ ಇರುವ ಜಾಗವೆಲ್ಲ ಕಪ್ಪಾಗಿ ಹೋಗಿ ಅಂಚುಗಳು ಮಾತ್ರ ಬೆಳ್ಳಗೆ ಉಳಿಯುತ್ತವೆ. ನಮ್ಮ ಬೀದಿಯ ಫೋಟೊ ಹಾಕಿ ನೋಡಿದರೆ ಯಾರೋ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಗೀಚಿದ ಹಾಗಿತ್ತು. ಈ ಅಂಚು ಹುಡುಕುವ ಕೆಲಸಕ್ಕೆ 1968ರಲ್ಲಿ ಇರ್ವಿನ್ ಸೋಬೆಲ್ ಮತ್ತು ಅವರ ಜೊತೆಗಾರರೊಬ್ಬರು ಸೂಚಿಸಿದ ಒಂಬತ್ತು ಅಂಕಿಗಳ ಚೌಕ ಇವತ್ತಿಗೂ ಪಠ್ಯದಲ್ಲಿದೆ. ಒಂಬತ್ತು ಅಂಕಿಗೆ ಇಷ್ಟು ಆಯುಷ್ಯ!

ಆದ್ದರಿಂದ ಜರಡಿಯಲ್ಲಿ ನಾನು ಸಿದ್ಧ ಬಟನ್‌ಗಳಿಗಿಂತ ಹೆಚ್ಚಾಗಿ ಆ ಒಂಬತ್ತು ಖಾನೆಗಳನ್ನೇ ಎದುರಿಗಿಟ್ಟೆ. ಬಾಯಿಗೆ ಬಂದ ಅಂಕಿ ತುಂಬಿ, ಏನಾಗುತ್ತದೆ ನೋಡಿ. ಹುಟ್ಟಿದ ತಾರೀಕು ತುಂಬಿ. ನನ್ನ ಗೆಳತಿ ತನ್ನ ಫೋನ್ ನಂಬರಿನ ಒಂಬತ್ತು ಅಂಕಿ ತುಂಬಿದಳು, ಇಡೀ ಪರದೆ ಬೆಳ್ಳಗಾಯಿತು. ಮೊತ್ತ ಒಂದಕ್ಕಿಂತ ತೀರಾ ಹೆಚ್ಚಾದರೆ ಹಾಗೇ ಆಗುವುದು.

ತಲೆನೋವು ಕೊಟ್ಟದ್ದು ವೇಗ. 1.2 ಕೋಟಿ ಪಿಕ್ಸೆಲ್, ಪ್ರತಿಯೊಂದಕ್ಕೂ ಮೂರು ಬಣ್ಣ, ಪ್ರತಿ ಬಣ್ಣಕ್ಕೂ ಒಂಬತ್ತು ಗುಣಾಕಾರ. 32 ಕೋಟಿ ದಾಟುತ್ತದೆ. ನನ್ನದು ಚಿಕ್ಕಪ್ಪನ ಕಡೆಯಿಂದ ಬಂದ ಹಳೆಯ ಲ್ಯಾಪ್‌ಟಾಪ್, ಒಮ್ಮೆ ಸ್ಲೈಡರ್ ಎಳೆದರೆ ಫ್ಯಾನು ರೈಸ್ ಮಿಲ್ಲಿನ ಹಾಗೆ ಗುಂಯ್ ಅನ್ನುತ್ತಿತ್ತು. ಕೊನೆಗೆ ಎಳೆಯುವಾಗ 640 ಚುಕ್ಕಿ ಅಗಲದ ಸಣ್ಣ ಪ್ರತಿಯ ಮೇಲೆ ಲೆಕ್ಕ ಮಾಡಿ ತೋರಿಸಿ, ಕೈಬಿಟ್ಟ ಮೇಲೆ ಮಾತ್ರ ಪೂರ್ತಿ ಫೋಟೊ ಸೋಸುವ ಹಾಗೆ ಮಾಡಿದೆ. ಕೆಲವು ಬ್ಲರ್‌ಗಳನ್ನು ಮೊದಲು ಅಡ್ಡಕ್ಕೆ, ಆಮೇಲೆ ಉದ್ದಕ್ಕೆ ಎಂದು ಎರಡು ಕಂತಿನಲ್ಲಿ ಮಾಡಬಹುದು. 9ಕ್ಕೆ 9ರ ಚೌಕದಲ್ಲಿ 81 ಗುಣಾಕಾರದ ಜಾಗದಲ್ಲಿ 18 ಸಾಕು. ಇಂಥ ಒಂದು ಉಳಿತಾಯ ಕೈಗೆ ಹತ್ತಿದ ದಿನ ಪಗಾರ ಬಂದಷ್ಟು ಖುಷಿ. (ಪಗಾರ ಇನ್ನೂ ಬಂದಿಲ್ಲ, ಊಹೆಯ ಮಾತು.)

ಇಷ್ಟಾದ ಮೇಲೆ ಬಣ್ಣದ ಪುಟ. ಇಲ್ಲಿ ನೆರೆಹೊರೆಯ ಪ್ರಶ್ನೆ ಇಲ್ಲ, ಪಿಕ್ಸೆಲ್‌ನ ಒಳಗಿನ ಮೂರು ಅಂಕಿಗಳನ್ನೇ ಬೇರೆ ಬೇರೆ ಪಾಲಿನಲ್ಲಿ ಬೆರೆಸುವುದು. ಉದಾಹರಣೆಗೆ ಕಲರ್ ಫೋಟೊವನ್ನು ಕಪ್ಪುಬಿಳುಪು ಮಾಡಲು ಕೆಂಪಿನಿಂದ 0.299, ಹಸಿರಿನಿಂದ 0.587, ನೀಲಿಯಿಂದ 0.114 ಪಾಲು ತೆಗೆದು ಕೂಡಿಸುತ್ತಾರೆ. ಹಸಿರಿಗೆ ಅರ್ಧಕ್ಕಿಂತ ಹೆಚ್ಚು ಪಾಲು, ಏಕೆಂದರೆ ನಮ್ಮ ಕಣ್ಣು ಹೊಳಪನ್ನು ಅಳೆಯುವಾಗ ಹಸಿರಿಗೇ ಹೆಚ್ಚು ಕಿವಿಗೊಡುತ್ತದೆ. ಈ ಪುಟಕ್ಕೆ ನಾನು ಕೆಲವು ಸಿದ್ಧ ಬೆರಕೆಗಳನ್ನು ಸೇರಿಸಿದೆ. ಅದರಲ್ಲೊಂದು, ಬಣ್ಣಗುರುಡು ಇರುವವರಿಗೆ ಜಗತ್ತು ಹೇಗೆ ಕಾಣಬಹುದು ಎಂದು ತೋರಿಸುವುದು. ಮಚಾಡೊ, ಒಲಿವೇರಾ, ಫರ್ನಾಂಡಿಸ್ ಎಂಬ ಬ್ರೆಜಿಲಿನ ಮೂವರು ಸಂಶೋಧಕರು 2009ರಲ್ಲಿ ಪ್ರಕಟಿಸಿದ ಕೋಷ್ಟಕದಿಂದ ಅಂಕಿ ತೆಗೆದುಕೊಂಡೆ. ದೋಷ ಎಷ್ಟು ತೀವ್ರ ಎಂಬುದಕ್ಕೆ ಸೊನ್ನೆಯಿಂದ ಒಂದರವರೆಗೆ ಹತ್ತು ಮೆಟ್ಟಿಲು ಮಾಡಿ ಕೊಟ್ಟಿದ್ದಾರೆ. ಸ್ಲೈಡರಿಗೆ ಹೇಳಿ ಮಾಡಿಸಿದ ಹಾಗಿತ್ತು, ಅದಕ್ಕೇ ಹಾಕಿದೆ. ಬೇರೆ ಯಾವ ಉದ್ದೇಶವೂ ಇರಲಿಲ್ಲ.

ಪರೀಕ್ಷೆಗೆ ಹಿತ್ತಲಿನ ಕನಕಾಂಬರದ ಗಿಡದ ಫೋಟೊ ಹಾಕಿದ್ದೆ. ಸ್ಲೈಡರ್ 0.6ರಲ್ಲಿತ್ತು. ಎಡಗಡೆ ಹಸಿರು ಎಲೆಗಳ ನಡುವೆ ಕಿತ್ತಳೆ ಹೂವು ಬೆಂಕಿ ಕಿಡಿಯ ಹಾಗೆ. ಬಲಗಡೆ ಎಲೆಯೂ ಹೂವೂ ಒಂದೇ ಬಗೆಯ ಸಾಸಿವೆ ಬಣ್ಣಕ್ಕೆ ಹತ್ತಿರ. ತಮ್ಮ ಹಿಂದಿನಿಂದ ಬಂದು ಬಗ್ಗಿ ನೋಡಿದ. 'ಅಕ್ಕ, ನಿನ್ನ ಬಟನ್ ಕೆಟ್ಟೋಗೈತೆ' ಎಂದ.

'ಯಾಕೋ?'

'ಎರಡೂ ಒಂದೇ ಥರ ಐತಲ್ಲ. ಏನೂ ಆಗಿಲ್ಲ.'

ತಮಾಷೆ ಮಾಡುತ್ತಿದ್ದಾನೆ ಎಂದು ಅವನ ಮುಖ ನೋಡಿದೆ. ತಮಾಷೆಯ ಮುಖವಾಗಿರಲಿಲ್ಲ. ಸ್ಲೈಡರನ್ನು ಸೊನ್ನೆಗೆ ತಂದೆ. 'ಈಗ?' 'ಒಂದೇ.' ಮೆಲ್ಲಗೆ ಮೇಲಕ್ಕೆ ಎಳೆದೆ. 0.3, ಒಂದೇ. 0.7, ಒಂದೇ. 0.8 ದಾಟಿದ ಮೇಲೆ ಸ್ವಲ್ಪ ತಡವರಿಸಿ, 'ಈಗ ಆ ಮೂಲೆ ಒಂಚೂರು ಮಬ್ಬಾಯ್ತೇನೋ' ಎಂದ. ಅಡುಗೆಮನೆಯಿಂದ ಅಮ್ಮನನ್ನು ಕರೆದು ಅದೇ ತೋರಿಸಿದೆ. 0.2ಕ್ಕೇ ಅಮ್ಮ, 'ಅಯ್ಯೋ, ಹೂವಿಗೇನಾಯ್ತೇ, ಬಾಡಿದಂಗೆ ಕಾಣ್ತದೆ' ಎಂದರು.

ಮೂವರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು.

ಆಮೇಲೆ ಒಂದೊಂದೇ ನೆನಪು ಸಾಲುಗಟ್ಟಿ ಬಂದವು. ನಮ್ಮಪ್ಪ ಟೈಲರ್. ಅರಸೀಕೆರೆಯಲ್ಲಿ ಸಣ್ಣ ಅಂಗಡಿ. ಬ್ಲೌಸಿಗೆ ಲೈನಿಂಗ್, ಸೀರೆಗೆ ಫಾಲ್ಸ್ ತರಲು ತಮ್ಮನನ್ನು ಕಳಿಸಿದರೆ ಅವನು ತಂದ ಬಣ್ಣ ಯಾವತ್ತೂ ಮ್ಯಾಚ್ ಆಗುತ್ತಿರಲಿಲ್ಲ. 'ಗಮನ ಎಲ್ಲಿರುತ್ತೆ ನಿಂಗೆ, ರೈಲಿನ ಮೇಲಾ?' ಎಂದು ಬೈಸಿಕೊಳ್ಳುತ್ತಿದ್ದ. ಟೊಮೆಟೊ ತರಲು ಹೋದರೆ ಅರ್ಧ ಕಾಯಿ. ಕನಕಾಂಬರ ಬಿಡಿಸಲು ಕೂತರೆ ಕೈಯಿಂದ ತಡವಿ ತಡವಿ ಬಿಡಿಸುತ್ತಿದ್ದ, ಸೋಮಾರಿ ಎಂದುಕೊಂಡಿದ್ದರು ಎಲ್ಲರೂ. ಪ್ರೈಮರಿಯಲ್ಲಿ ಮರದ ಎಲೆಗೆ ಕಂದು ಬಳಿದು ಕೈ ಮೇಲೆ ಏಟು ತಿಂದಿದ್ದ. ಅವನಿಗೆ ಹದಿನಾರು ವರ್ಷ. ಇಷ್ಟು ದಿನ ಬಣ್ಣಗಳ ಹೆಸರನ್ನು ಊಹೆಯಿಂದ, ಸಂದರ್ಭದಿಂದ, ಪಕ್ಕದವರು ಹೇಳಿದ್ದರಿಂದ ನಿಭಾಯಿಸಿಕೊಂಡು ಬಂದಿದ್ದ. ತನಗೆ ಕಾಣುವುದೇ ಎಲ್ಲರಿಗೂ ಕಾಣುವುದು, ತಾನು ಮಾತ್ರ ಹೆಸರು ಕಲಿಯುವುದರಲ್ಲಿ ದಡ್ಡ ಎಂದುಕೊಂಡಿದ್ದನಂತೆ. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ.

ಈ ವಿಷಯವನ್ನು ಮೊದಲು ಶಾಸ್ತ್ರೀಯವಾಗಿ ಬರೆದವರಲ್ಲಿ ಒಬ್ಬರು ಅಣುಸಿದ್ಧಾಂತದ ಜಾನ್ ಡಾಲ್ಟನ್. ಶಾಲೆಯಲ್ಲಿ ಓದಿದ್ದೇವಲ್ಲ, ಅದೇ ಡಾಲ್ಟನ್. ಅವರಿಗೂ ಹೀಗೇ ಇತ್ತು. ಗುಲಾಬಿ ಬಣ್ಣದ ಜೆರೇನಿಯಂ ಹೂವು ಹಗಲಿನಲ್ಲಿ ತನಗೆ ನೀಲಿಯಾಗಿಯೂ ಮೇಣದಬತ್ತಿಯ ಬೆಳಕಿನಲ್ಲಿ ಕೆಂಪಾಗಿಯೂ ಕಾಣುವುದನ್ನು ಗಮನಿಸಿ, ಉಳಿದವರಿಗೆ ಹಾಗಿಲ್ಲ ಎಂದು ತಿಳಿದು, 1794ರಲ್ಲಿ ಅದರ ಬಗ್ಗೆ ಪ್ರಬಂಧ ಮಂಡಿಸಿದರು. ತನ್ನ ಕಣ್ಣೊಳಗಿನ ದ್ರವ ನೀಲಿ ಇರಬೇಕು ಎಂಬುದು ಅವರ ಊಹೆ, ಸತ್ತ ಮೇಲೆ ತೆಗೆದು ನೋಡಿ ಎಂದೂ ಹೇಳಿದ್ದರು. 1844ರಲ್ಲಿ ತೀರಿಕೊಂಡಾಗ ನೋಡಿದರು, ದ್ರವ ನೀಲಿ ಇರಲಿಲ್ಲ. ಆದರೆ ಕಣ್ಣನ್ನು ಕಾಪಾಡಿಟ್ಟಿದ್ದರು. 150 ವರ್ಷಗಳ ನಂತರ, 1995ರಲ್ಲಿ, ಅದರ ಡಿಎನ್‌ಎ ಪರೀಕ್ಷಿಸಿದಾಗ ಹಸಿರಿನ ಕಡೆಯ ಬೆಳಕನ್ನು ಹಿಡಿಯುವ ಕೋಶಕ್ಕೆ ಬೇಕಾದ ಜೀನ್ ಇಲ್ಲದ್ದು ಗೊತ್ತಾಯಿತು. ನಮ್ಮ ಕಣ್ಣಿನ ಹಿಂಬದಿಯಲ್ಲಿ ಬಣ್ಣ ಹಿಡಿಯುವ ಕೋಶಗಳು ಮೂರು ಬಗೆ. ಅವುಗಳಲ್ಲಿ ಒಂದು ಇಲ್ಲದಿದ್ದರೆ, ಅಥವಾ ಅದರ ಶ್ರುತಿ ಇನ್ನೊಂದರ ಹತ್ತಿರಕ್ಕೆ ಜರುಗಿದ್ದರೆ, ಕೆಂಪು ಹಸಿರುಗಳ ನಡುವಿನ ಗೋಡೆ ಬೀಳುತ್ತದೆ.

ಜರಡಿಯಲ್ಲಿ ಇದನ್ನು ಅಂಕಿಯಲ್ಲೇ ನೋಡಬಹುದು. ಸ್ಲೈಡರನ್ನು ಕೊನೆಗೆ ಎಳೆದು ಅಪ್ಪಟ ಕೆಂಪು ಕೊಟ್ಟರೆ 163, 144, 0 ಎಂದು ಬರುತ್ತದೆ, ಒಂಥರಾ ಕೊಳೆ ಸಾಸಿವೆ. ಅಪ್ಪಟ ಹಸಿರು ಕೊಟ್ಟರೆ 239, 214, 58, ಹೊಳೆಯುವ ಹಳದಿ. ಎರಡೂ ಹಳದಿಯ ಮನೆತನವೇ, ಒಂದು ಮಬ್ಬು, ಒಂದು ಹೊಳಪು. ಹೊಳಪೂ ಒಂದೇ ಆಗಿಬಿಟ್ಟರೆ ಎರಡನ್ನೂ ಬೇರ್ಪಡಿಸಲು ಏನೂ ಉಳಿಯುವುದಿಲ್ಲ. ನೀಲಿಗೆ ಮಾತ್ರ ಹೆಚ್ಚೇನೂ ಆಗುವುದಿಲ್ಲ. ತಮ್ಮನಿಗೆ ಚಿಕ್ಕಂದಿನಿಂದ ನೀಲಿ ಅಂಗಿಯೇ ಯಾಕೆ ಬೇಕಿತ್ತು ಎಂದು ಆಗ ಹೊಳೆಯಿತು.

ಈ ಲೆಕ್ಕದಲ್ಲೊಂದು ಸೂಕ್ಷ್ಮ ಇದೆ, ಇಂಥದ್ದನ್ನು ಬರೆಯಲು ಹೊರಡುವವರಿಗಾಗಿ ಹೇಳುತ್ತೇನೆ. ಫೋಟೊ ಫೈಲಿನಲ್ಲಿರುವ ಅಂಕಿ ಬೆಳಕಿನ ನೇರ ಅಳತೆಯಲ್ಲ. 128 ಎಂದರೆ 255ರ ಅರ್ಧ ಬೆಳಕು ಎಂದುಕೊಳ್ಳುತ್ತೇವೆ, ನಿಜವಾಗಿ ಅದು ಐದನೇ ಒಂದು ಭಾಗಕ್ಕಿಂತ ಚೂರು ಹೆಚ್ಚು. ಅರ್ಧ ಬೆಳಕು ಬೇಕಾದರೆ ಅಂಕಿ 188ರ ಹತ್ತಿರ ಇರಬೇಕು. ಹಾಗಾಗಿ ಮೊದಲು ಅಂಕಿಯನ್ನು ಬೆಳಕಿನ ಅಳತೆಗೆ ಬಿಚ್ಚಿ, ಬೆರೆಸಿ, ಮತ್ತೆ ಮಡಚಿ ಇಡಬೇಕು. ಸೀರೆಯನ್ನು ಮಡಿಕೆಯಲ್ಲಿರುವಾಗಲೇ ಅಳೆಯಲು ಆಗುವುದಿಲ್ಲವಲ್ಲ, ಹಾಗೆ.

ಹಾಸನದಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ಜರಡಿ ಪರೀಕ್ಷೆಯ ಸಾಧನವಲ್ಲ. ಒಂದೊಂದು ಪರದೆಯ ಬಣ್ಣ ಒಂದೊಂದು ಥರ, ಅದನ್ನು ನಂಬಿ ಯಾರಿಗೂ ಏನೂ ಹೇಳಬಾರದು. ಡಾಕ್ಟರು ಇಶಿಹಾರಾ ಪುಸ್ತಕ ತೆರೆದರು. ಜಪಾನಿನ ಶಿನೋಬು ಇಶಿಹಾರಾ 1917ರಲ್ಲಿ ಪ್ರಕಟಿಸಿದ ಬಣ್ಣದ ಚುಕ್ಕಿಗಳ ಪುಟಗಳು, ಚುಕ್ಕಿಗಳ ನಡುವೆ ಅಂಕಿ ಅಡಗಿರುತ್ತದೆ. ಮೊದಲ ಪುಟದ 12 ಎಲ್ಲರಿಗೂ ಕಾಣುತ್ತದೆ. ತಮ್ಮ ಉತ್ಸಾಹದಿಂದ 'ಹನ್ನೆರಡು!' ಎಂದ. ಮುಂದಿನ ಪುಟಗಳಲ್ಲಿ ಅವನ ದನಿ ಸಣ್ಣದಾಗುತ್ತ ಹೋಯಿತು. ನನಗೂ ಅಪ್ಪನಿಗೂ ಎದ್ದು ಕಾಣುತ್ತಿದ್ದ ಅಂಕಿಯನ್ನು ಅವನು ಹುಡುಕುತ್ತಿದ್ದ, ನಾವು ಹೇಳಿಕೊಡುವ ಹಾಗಿಲ್ಲ. 'ಹುಟ್ಟಿನಿಂದ ಬಂದದ್ದು. ಔಷಧಿ ಇಲ್ಲ. ಹೆಚ್ಚೂ ಆಗಲ್ಲ, ದೃಷ್ಟಿಗೇನೂ ತೊಂದರೆ ಇಲ್ಲ' ಎಂದರು ಡಾಕ್ಟರು. ಕೆಂಪು ಹಸಿರಿನ ಈ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿರುತ್ತದೆ, ಗಂಡುಮಕ್ಕಳಿಗೆ ಅದು ತಾಯಿಯ ಕಡೆಯಿಂದ ಬರುತ್ತದೆ ಎಂದೂ ವಿವರಿಸಿದರು.

ಬಸ್ಸಿನಲ್ಲಿ ಬರುವಾಗ ಅಮ್ಮ ಕಿಟಕಿ ಕಡೆ ಮುಖ ಮಾಡಿ ಕೂತಿದ್ದರು. ಬಾಣಾವರದ ನಮ್ಮ ತಾತ, ಅಮ್ಮನ ಅಪ್ಪ, ಹಣ್ಣು ಮೆಣಸಿನಕಾಯಿ ಬಿಡಿಸಲು ಹೋದರೆ ಹಸಿರದನ್ನೂ ಕಿತ್ತು ತರುತ್ತಿದ್ದರಂತೆ. ಅಜ್ಜಿ ಅವರನ್ನು ಆ ಕೆಲಸಕ್ಕೆ ಸೇರಿಸುತ್ತಲೇ ಇರಲಿಲ್ಲವಂತೆ. ಅದನ್ನು ಹೇಳಿ, 'ಹಂಗಾದ್ರೆ ನನ್ನಿಂದಲೇ ಬಂದಿದ್ದು' ಎಂದರು. ನಾನು, 'ಅಮ್ಮ, ತಾತನಿಂದ ಮೂಗೂ ಬಂದಿದೆ, ಅದಕ್ಕೆ ಯಾರು ಅಳ್ತಾರೆ?' ಎಂದೆ. ನಗಲಿಲ್ಲ. ಅದೇ ಜೀನ್ ನನ್ನಲ್ಲೂ ಇರುವ ಸಾಧ್ಯತೆ ಅರ್ಧಕ್ಕರ್ಧ ಎಂಬ ಲೆಕ್ಕವನ್ನು ಅವತ್ತು ಬಾಯಿಬಿಟ್ಟು ಹೇಳಲಿಲ್ಲ.

ಅಮ್ಮನ ದುಃಖಕ್ಕೆ ಕಾರಣ ಟೊಮೆಟೊ ಅಲ್ಲ, ರೈಲು. ನಮ್ಮೂರು ಜಂಕ್ಷನ್. ಬೆಂಗಳೂರು, ಹುಬ್ಬಳ್ಳಿ, ಹಾಸನದ ದಾರಿಗಳು ಕೂಡುವ ಜಾಗ. ಇಲ್ಲಿ ಹುಟ್ಟಿದ ಹುಡುಗರಲ್ಲಿ ಅರ್ಧದಷ್ಟು ಜನಕ್ಕೆ ಒಂದು ವಯಸ್ಸಿನಲ್ಲಿ ರೈಲು ಓಡಿಸುವ ಹುಚ್ಚು ಹಿಡಿಯುತ್ತದೆ. ತಮ್ಮನಿಗೆ ಹಿಡಿದದ್ದು ಬಿಡಲೇ ಇಲ್ಲ. ಹಾರ್ನ್ ಕೇಳಿ ಎಂಜಿನ್ ಯಾವುದು ಎನ್ನುತ್ತಾನೆ. ಎಸ್ಸೆಸ್ಸೆಲ್ಸಿ ಮುಗಿಸಿ ಐಟಿಐ, ಆಮೇಲೆ ಅಸಿಸ್ಟೆಂಟ್ ಲೋಕೊ ಪೈಲಟ್ ಪರೀಕ್ಷೆ ಎಂದು ಎಂಟನೇ ಕ್ಲಾಸಿನಲ್ಲೇ ಬರೆದಿಟ್ಟುಕೊಂಡಿದ್ದ. ಆ ಹುದ್ದೆಗೆ ಎ-1 ಎಂಬ ಅತಿ ಕಟ್ಟುನಿಟ್ಟಿನ ವೈದ್ಯಕೀಯ ದರ್ಜೆ ಬೇಕು, ಬಣ್ಣ ಗುರುತಿಸುವ ಪರೀಕ್ಷೆ ಪಾಸಾಗಲೇಬೇಕು.

'ಕೆಂಪು ಯಾವುದು ಅಂತ ನಂಗೆ ಗೊತ್ತಕ್ಕ. ಮೂರು ದೀಪದ ಸಿಗ್ನಲ್‌ನಲ್ಲಿ ಕೆಂಪು ಎಲ್ಲಕ್ಕಿಂತ ಕೆಳಗೆ ಇರುತ್ತೆ' ಎಂದು ವಾದಿಸಿದ. ಅಷ್ಟು ವರ್ಷ ಅವನು ಸಿಗ್ನಲ್ ಓದಿದ್ದು ಜಾಗದಿಂದ. ನಾನು ಮಾತಾಡುವ ಬದಲು ಜರಡಿ ತೆರೆದೆ. ಕಪ್ಪು ಹಿನ್ನೆಲೆಯಲ್ಲಿ ಒಂದೇ ಒಂದು ಚುಕ್ಕಿ ದೀಪ, ಕಂಬವಿಲ್ಲ, ಮೇಲೆ ಕೆಳಗೆ ಯಾವುದೂ ಇಲ್ಲ, ರಾತ್ರಿ ದೂರದಿಂದ ಕಾಣುವ ಹಾಗೆ. ಸ್ವಲ್ಪ ಬ್ಲರ್ ಹಾಕಿದೆ, ಮಂಜಿಗೆ. ಕೆಂಪು, ಹಳದಿ, ಹಸಿರು ಮೂರನ್ನೂ ಹೊಳಪು ಬದಲಿಸಿ ಬದಲಿಸಿ ಇಪ್ಪತ್ತು ಸಲ ತೋರಿಸಿದೆ. ಅವನು ಹೇಳುತ್ತ ಹೋದ, ನಾನು ಹಾಳೆಯಲ್ಲಿ ಗುರುತು ಹಾಕುತ್ತ ಹೋದೆ. ಮುಗಿದ ಮೇಲೆ ಹಾಳೆಯನ್ನು ಅವನ ಕೈಗೇ ಕೊಟ್ಟೆ. ಎರಡು ಸಲ ಓದಿದ. 'ಹಿಂದೆ ಸಾವಿರ ಜನ ಕೂತಿರ್ತಾರೆ ಅಲ್ವಾ' ಎಂದು ಎದ್ದು ಹೋದ.

ಬಣ್ಣದ ಪರೀಕ್ಷೆಗೂ ರೈಲಿಗೂ ಹಳೆಯ ನಂಟು. 1875ರಲ್ಲಿ ಸ್ವೀಡನ್ನಿನ ಲಾಗರ್‌ಲುಂಡಾ ಎಂಬಲ್ಲಿ ಎರಡು ರೈಲುಗಳು ಡಿಕ್ಕಿಯಾದವು. ಸಿಬ್ಬಂದಿಗೆ ಸಿಗ್ನಲ್ಲಿನ ಬಣ್ಣ ತಿಳಿಯದ್ದೇ ಕಾರಣವಿರಬಹುದು ಎಂದು ಹೋಲ್ಮ್‌ಗ್ರೆನ್ ಎಂಬ ಶರೀರಶಾಸ್ತ್ರಜ್ಞ ವಾದಿಸಿ, ಬಣ್ಣಬಣ್ಣದ ಉಣ್ಣೆಯ ಎಳೆಗಳನ್ನು ವಿಂಗಡಿಸುವ ಪರೀಕ್ಷೆಯನ್ನು ರೈಲ್ವೆ ನೌಕರರಿಗೆ ಮಾಡಿದ. ಆ ಅಪಘಾತಕ್ಕೆ ನಿಜವಾದ ಕಾರಣ ಅದೇನಾ ಎಂಬ ಬಗ್ಗೆ ಈಗ ಅನುಮಾನಗಳಿವೆ, ಆದರೆ ಪರೀಕ್ಷೆ ಮಾತ್ರ ದೇಶದೇಶಗಳಿಗೆ ಹಬ್ಬಿತು. ನಿಯಮ ಸರಿಯಾದದ್ದೇ. ಸರಿಯಾದ ನಿಯಮದಿಂದಲೂ ಮನೆಯಲ್ಲಿ ಒಂದು ವಾರ ಯಾರಿಗೂ ಊಟ ಸೇರುವುದಿಲ್ಲ ಎಂಬುದು ಬೇರೆ ಮಾತು.

ಆ ವಾರ ನಾನು ಉಲ್ಟಾ ಜರಡಿ ಬರೆದೆ. ತತ್ವ ಸರಳ. ಮೂಲ ಫೋಟೊದಿಂದ ತಮ್ಮನಿಗೆ ಕಾಣುವ ಫೋಟೊವನ್ನು ಕಳೆಯಿರಿ. ಉಳಿದದ್ದೇ ಅವನಿಗೆ ತಪ್ಪಿಹೋಗುತ್ತಿರುವುದು. ಆ ವ್ಯತ್ಯಾಸವನ್ನು ಅವನಿಗೆ ಚೆನ್ನಾಗಿ ಕಾಣುವ ಕಡೆಗೆ, ಅಂದರೆ ನೀಲಿಗೂ ಹೊಳಪಿಗೂ, ಸಾಗಿಸಿ ಮೂಲಕ್ಕೆ ಕೂಡಿಸಿ. ಡಾಲ್ಟನ್ ಹೆಸರಿನಲ್ಲೇ ಇದನ್ನು ಡಾಲ್ಟನೈಸೇಶನ್ ಎನ್ನುತ್ತಾರೆ. ಇವತ್ತು ಬಹಳಷ್ಟು ಫೋನುಗಳ ಸೆಟ್ಟಿಂಗ್ಸ್ ಒಳಗೇ ಬಣ್ಣ ತಿದ್ದುವ ಇಂಥ ಸೌಲಭ್ಯ ಇದೆ, ಎಷ್ಟೋ ಜನರಿಗೆ ಗೊತ್ತಿಲ್ಲ ಅಷ್ಟೇ. ಆದರೆ ಎಷ್ಟು ಸಾಗಿಸಬೇಕು, ಎಲ್ಲಿಗೆ ಸಾಗಿಸಬೇಕು ಎಂದು ತಮ್ಮನೇ ಸ್ಲೈಡರ್ ಹಿಡಿದು ತೀರ್ಮಾನಿಸಲಿ ಎಂಬುದು ನನ್ನ ಹಟ. ನನ್ನ ಕಣ್ಣಿಗೆ ಆ ಫೋಟೊ ವಿಕಾರ, ಕನಕಾಂಬರ ನೇರಳೆಗೆ ತಿರುಗಿತ್ತು. ಅವನು ಕುರ್ಚಿ ಮುಂದಕ್ಕೆಳೆದುಕೊಂಡು, 'ಇಷ್ಟೊಂದು ಹೂವು ಇತ್ತಾ ಆ ಗಿಡದಾಗೆ!' ಎಂದ. ಬೆರಳಿಟ್ಟು ಎಣಿಸಿದ. ಹದಿನೇಳು.

ಜರಡಿಯನ್ನು ಹೆಚ್ಚು ಹೊತ್ತು ಬಳಸಿದವರು ಮಾತ್ರ ಅಪ್ಪ. ಡಾಕ್ಟರ ಹತ್ತಿರ ಹೋಗಿ ಬಂದ ಮೇಲೆ ಅವರು ಏನೂ ಆಡಿರಲಿಲ್ಲ. ಒಂದು ರಾತ್ರಿ ಅಂಗಡಿ ಮುಚ್ಚಿ ಬಂದವರು ದಾರದ ಡಬ್ಬಿಯನ್ನೇ ಹೊತ್ತು ತಂದರು. 'ಇದರ ಫೋಟೊ ತೆಗಿ. ಅವನಿಗೆ ಕಂಡಂಗೆ ತೋರಿಸು.' ತೋರಿಸಿದೆ. ಸಾಲಾಗಿ ಜೋಡಿಸಿದ ಅರವತ್ತು ಚಿಲ್ಲರೆ ರೀಲುಗಳಲ್ಲಿ ನೀಲಿ, ಹಳದಿ, ಬಿಳಿ, ಕಪ್ಪು ಬಿಟ್ಟರೆ ಉಳಿದವು ಮಣ್ಣು, ಸಾಸಿವೆ, ಬೂದಿ. ರಾಮಾ ಹಸಿರು, ಮೆರೂನು, ಇಟ್ಟಿಗೆ ಕೆಂಪು, ಎಲೆ ಹಸಿರು ಎಲ್ಲ ಒಂದೇ ಬಳಗ. ಅಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. 'ಇಷ್ಟರಲ್ಲಿ ಅವನು ಮ್ಯಾಚಿಂಗ್ ತರಬೇಕಿತ್ತಾ' ಎಂದಷ್ಟೇ ಹೇಳಿದರು. ಮಾರನೆಯ ದಿನದಿಂದ ಅಂಗಡಿಯ ಚೀಟಿಯಲ್ಲಿ ಬಣ್ಣದ ಹೆಸರಿನ ಬದಲು ರೀಲಿನ ಶೇಡ್ ನಂಬರು ಬರೆದು ಕೊಡತೊಡಗಿದರು. ನಂಬರು ಮೊದಲಿಂದಲೂ ರೀಲಿನ ಮೇಲೆ ಅಚ್ಚಾಗಿಯೇ ಇತ್ತು.

ತಮ್ಮ ಐಟಿಐ ಸೇರಿದ್ದಾನೆ. ಎಲೆಕ್ಟ್ರಿಷಿಯನ್ ಟ್ರೇಡ್ ಬೇಡ ಎಂದು ಅವನೇ ಹೇಳಿದ, ಅಲ್ಲಿ ಫೇಸಿನ ಕೆಂಪು ವೈರು ಅರ್ತಿನ ಹಸಿರು ವೈರು ಕಣ್ಣಲ್ಲೇ ಗೊತ್ತಾಗಬೇಕು. ಫಿಟ್ಟರ್ ತೆಗೆದುಕೊಂಡ. ಕಬ್ಬಿಣಕ್ಕೆ ಒಂದೇ ಬಣ್ಣ ಎನ್ನುತ್ತಾನೆ. ಎಂಜಿನ್ ಓಡಿಸದಿದ್ದರೂ ಎಂಜಿನ್ ಬಿಚ್ಚುವ ಕೆಲಸಗಳಿವೆ, ಯಾವ ಹುದ್ದೆಗೆ ಯಾವ ವೈದ್ಯಕೀಯ ದರ್ಜೆ ಎಂಬ ಪಟ್ಟಿಯನ್ನು ತಾನೇ ಹುಡುಕಿ ಗೋಡೆಗೆ ಅಂಟಿಸಿದ್ದಾನೆ. ಸಂಜೆ ಸ್ಟೇಷನ್ನಿನ ಮೇಲ್ಸೇತುವೆಗೆ ಹೋಗುವುದನ್ನು ಎರಡು ತಿಂಗಳು ನಿಲ್ಲಿಸಿದ್ದ. ಈಗ ಮತ್ತೆ ಹೋಗುತ್ತಾನೆ, ದಿನಾ ಅಲ್ಲ.

ಪ್ರಾಜೆಕ್ಟಿನ ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು, 'ಇದರ ಯೂಸರ್ ಯಾರು?' ಎಂದು ಕೇಳಿದರು. ಎಲ್ಲರಿಗೂ ಕೇಳುವ ಪ್ರಶ್ನೆ ಅದು. 'ಸದ್ಯಕ್ಕೆ ನಾಲ್ಕು ಜನ ಸರ್, ಎಲ್ಲರೂ ಒಂದೇ ಮನೆಯವರು' ಎಂದೆ. ಅವರು ಸ್ಲೈಡರ್ ಎಳೆದು ನೋಡುತ್ತ ನೋಡುತ್ತ, ತಮ್ಮ ಫೋನಿನಿಂದ ಒಂದು ಫೋಟೊ ಹಾಕಬಹುದೇ ಎಂದರು. ಅವರ ಮೊಮ್ಮಗ ಬಿಡಿಸಿದ ಚಿತ್ರ, ಕಂದು ಬಣ್ಣದ ಗಿಳಿ.

ಈಗ ಬಾಕಿ ಇರುವ ಕೆಲಸ ಎರಡು. ಕ್ಯಾಮೆರಾ ಹಿಡಿದಾಗಲೇ ಬಣ್ಣ ಸೋಸಿ ತೋರಿಸಬೇಕು, ಅದಕ್ಕೆ ಲೆಕ್ಕವನ್ನು ಫೋನಿನ ಗ್ರಾಫಿಕ್ಸ್ ಚಿಪ್ಪಿಗೆ ಒಪ್ಪಿಸಬೇಕು, ಕಲಿಯುತ್ತಿದ್ದೇನೆ. ಇನ್ನೊಂದು ಅಮ್ಮನ ಬೇಡಿಕೆ. ಟೊಮೆಟೊ ರಾಶಿಯ ಮೇಲೆ ಫೋನ್ ಹಿಡಿದರೆ ಹಣ್ಣಾದದ್ದನ್ನು ಮಾತ್ರ ತೋರಿಸುವ ಬಟನ್ ಬೇಕಂತೆ. ತಮ್ಮನಿಗಾ ಎಂದು ಕೇಳಿದೆ. 'ಅವನಿಗ್ಯಾಕೆ, ಅವನು ಈಗ ಅಮುಕಿ ನೋಡಿ ಸರಿಯಾಗೇ ತರ್ತಾನೆ. ನಿಮ್ಮಪ್ಪಂಗೆ' ಎಂದರು.